ಚಾಪ್‌ಸ್ಟಿಕ್, ಪೀನಟ್ ಬಟರ್ ಮತ್ತು ಮೂರನೇ ಬೆಂಚು

ಶನಿವಾರ ಬೆಳಿಗ್ಗೆ ನರ್ಸರಿಯ ಜೀಗುಜ್ಜೆ ಕುಂಡಗಳಲ್ಲಿ ಇರುವೆ ಇದೆಯಾ ಅಂತ ನೋಡಲು ಪೀನಟ್ ಬಟರ್ ಸವರಿದ 80 ಚಾಪ್‌ಸ್ಟಿಕ್ ಇಟ್ಟೆವು. ಒಂದು ಗಂಟೆ ಬಿಟ್ಟು ತೆಗೆದೆವು. ಎಂಬತ್ತರಲ್ಲೂ ಇರುವೆ ಇಲ್ಲ! ಇದು ಸತತ ಮೂರನೇ ಸಲ. ಐದು ತಿಂಗಳ ಹಿಂದೆ ಹೀಗಾಗುತ್ತದೆ ಅಂದಿದ್ದರೆ ನಾನು ನಂಬುತ್ತಿರಲಿಲ್ಲ, ಯಾಕಂದ್ರೆ ಆಗ ಸುಟ್ಟ ಮಿಕ್ಸಿ ಮುಂದಿಟ್ಟುಕೊಂಡು, ಇನ್ನು ಈ ಗಿಡಗಳ ಸಹವಾಸವೇ ಬೇಡ ಅಂತ ಅಡುಗೆಮನೆಯಲ್ಲಿ ಕೂತಿದ್ದೆ.

ಹೊಸಬರಿಗೆ ಎರಡೇ ಮಾತು. ನಾನಿರುವುದು ಹವಾಯಿಯ ದೊಡ್ಡ ದ್ವೀಪದಲ್ಲಿ, ಹಿಲೋ ಹತ್ತಿರ. ಇಲ್ಲಿ ಊರಿನ ಹಿರಿಯರೇ ಸೇರಿ ನಡೆಸುವ ಒಂದು ಸಣ್ಣ ಸಂಸ್ಥೆ ಇದೆ. ಲಾಭದ ಲೆಕ್ಕ ಇಲ್ಲ. ಉಲು ಗಿಡ ಬೆಳೆಸಿ ಮನೆಗಳಿಗೆ, ಶಾಲೆಗಳಿಗೆ ಪುಕ್ಕಟೆ ಕೊಡುವುದೇ ಕೆಲಸ. ಉಲು ಅಂದ್ರೆ ನಮ್ಮ ಜೀಗುಜ್ಜೆ. ಪುತ್ತೂರು ಕಡೆಯ ನಾನು ಇಲ್ಲಿಗೆ ಬಂದ ಮೊದಲ ವಾರವೇ ಯಾರದ್ದೋ ಬೇಲಿಯಾಚೆ ಆ ದೊಡ್ಡ ಸೀಳೆಲೆ ನೋಡಿ ಬೈಕ್ ನಿಲ್ಲಿಸಿದ್ದೆ. ಅಲ್ಲಿಂದ ಶನಿವಾರಗಳು ನರ್ಸರಿಗೆ ಹೋದವು.

ಬೇರು ತುಂಡು ಮಾಡಿ, ಮರಳಿಗೆ ಹಾಕಿ, ಮಂಜಿನಂತೆ ನೀರು ಸಿಂಪಡಿಸಿ ತಿಂಗಳುಗಟ್ಟಲೆ ಚಿಗುರಿಗೆ ಕಾಯುವ ಕಥೆ ನಿಮಗೆಲ್ಲ ಗೊತ್ತು. ಬಿಟ್ಟುಬಿಡುತ್ತೇನೆ. ಸೆಪ್ಟೆಂಬರ್ ಹೊತ್ತಿಗೆ 312 ಕುಂಡ ತಯಾರಿದ್ದವು. ಹಂಚುವುದೊಂದೇ ಬಾಕಿ.

ಒಂದು ದಿನ ಮೂರನೇ ಬೆಂಚಿನ ಕೆಳಗೆ ಬಿದ್ದ ಲೇಬಲ್ ಹೆಕ್ಕಲು ಬಗ್ಗಿದೆ. ಕುತ್ತಿಗೆ ಹಿಂದೆ ಕಡ್ಡಿ ಗೀರಿ ಇಟ್ಟ ಹಾಗಾಯಿತು. ಕೈ ಹಾಕಿ ತೆಗೆದರೆ ಕಿತ್ತಳೆ ಬಣ್ಣದ ಒಂದು ಚೂರು, ಒಂದೂವರೆ ಮಿಲಿಮೀಟರ್ ಉದ್ದ. ಕನ್ನಡಕ ಇಲ್ಲದಿದ್ದರೆ ಮಣ್ಣಿನ ಕಣ ಅಂದುಕೊಳ್ಳುತ್ತಿದ್ದೆ. ಊರಿನ ಕೆಂಜಿರುವೆ ಓಡುತ್ತದಲ್ವಾ, ಇದು ಓಡುವುದಿಲ್ಲ. ಮದುವೆ ಊಟ ಮುಗಿಸಿ ಹೊರಟವರ ಹಾಗೆ ಆರಾಮಾಗಿ ನಡೆಯುತ್ತದೆ. ಲಿಟಲ್ ಫೈರ್ ಆ್ಯಂಟ್. ದಕ್ಷಿಣ ಅಮೆರಿಕ ಕಡೆಯದ್ದು. 1999ರಲ್ಲಿ ಈ ದ್ವೀಪದ ಪುನಾ ಭಾಗದಲ್ಲಿ ಮೊದಲು ಸಿಕ್ಕಿತು, ಆಮೇಲೆ ಕುಂಡದ ಗಿಡಗಳ ಮೇಲೆ ಸವಾರಿ ಮಾಡಿಕೊಂಡೇ ಊರೂರಿಗೆ ಹಬ್ಬಿತು. ಮರದ ಮೇಲೂ ಗೂಡು ಕಟ್ಟುತ್ತದೆ. ಗಾಳಿ ಬೀಸಿದರೆ ಮೈಮೇಲೆ ಉದುರುತ್ತದೆ. ನಾಯಿ ಬೆಕ್ಕುಗಳ ಕಣ್ಣಿಗೆ ಕಚ್ಚಿ ಅವು ಕುರುಡಾಗುವುದೂ ಉಂಟು.

ಪತ್ತೆ ಮಾಡುವ ಕ್ರಮ ಸುಲಭ. ಚಾಪ್‌ಸ್ಟಿಕ್ ತುದಿಗೆ ತೆಳ್ಳಗೆ ಪೀನಟ್ ಬಟರ್ ಸವರಿ ಕುಂಡದಲ್ಲಿಡಿ, ಒಂದು ಗಂಟೆ ಬಿಟ್ಟು ಜಿಪ್ ಚೀಲಕ್ಕೆ ಹಾಕಿ, ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು ಬೆಳಿಗ್ಗೆ ಎಣಿಸಿ. ನಮ್ಮ ಮನೆಯ ಫ್ರೀಜರಿನಲ್ಲಿ ತುರಿದ ತೆಂಗಿನಕಾಯಿ ಚೀಲದ ಪಕ್ಕದಲ್ಲೇ ಇಟ್ಟಿದ್ದೆ. ಬೆಳಿಗ್ಗೆ ಚಟ್ನಿಗೆ ಅಂತ ತೆಗೆದವಳು "ರೀ, ಇದೇನ್ರೀ ಇದು?" ಅಂತ ಕೂಗಿದ ದನಿ ಪಕ್ಕದ ಮನೆಗೂ ಕೇಳಿಸಿರಬೇಕು. ಫಲಿತಾಂಶ: 80ರಲ್ಲಿ 23 ಕಡ್ಡಿಗೆ ಇರುವೆ.

ಸೋಮವಾರ ಸಮಿತಿ ಕೂತಿತು. ಏಳು ಜನ. ಮುಖ್ಯಸ್ಥೆ ಒಬ್ಬ ಹವಾಯಿಯನ್ ಅಜ್ಜಿ. ಇಲ್ಲಿ ದೊಡ್ಡವರನ್ನೆಲ್ಲ ಆಂಟಿ, ಅಂಕಲ್ ಅಂತಲೇ ಕರೆಯುವುದು, ಸಂಬಂಧ ಇರಲಿ ಬಿಡಲಿ, ನಮ್ಮಲ್ಲಿ ದೊಡ್ಡಮ್ಮ ಅಂದ ಹಾಗೆ. ಉಳಿದವರಲ್ಲಿ ಒಬ್ಬರು ನಿವೃತ್ತ ಟೀಚರು, ಒಬ್ಬರು ಮೀನು ಹಿಡಿಯುವವರು, ಇಬ್ಬರು ಮಕಾಡಮಿಯಾ ತೋಟದವರು. ಯಾರೂ ಗಿಡದ ವಿಷಯ ಓದಿದವರಲ್ಲ. ನಾನು ಪೇಪರ್ ತೆಗೆದುಕೊಂಡು ಹೋಗಿ ವಿವರಿಸಿದೆ: ಇರುವೆ ಸಿಕ್ಕಿದ ಬೆಂಚು ಬೇರೆ ಇಡೋಣ, ಉಳಿದದ್ದು ಹಂಚೋಣ, ಶಾಲೆಗೆ ದಿನ ಕೊಟ್ಟಾಗಿದೆ, ಅನುದಾನ ಕೊಟ್ಟವರು ಲೆಕ್ಕ ಕೇಳುತ್ತಾರೆ.

ಆಂಟಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹಂಚುವ ಪಟ್ಟಿ ತಂದು ಒಂದೊಂದು ಹೆಸರಿಗೂ ಇದು ಯಾರ ಮನೆ, ಮಕ್ಕಳಿದ್ದಾರಾ, ನಾಯಿ ಇದೆಯಾ ಅಂತ ಕೇಳುತ್ತಾ ಹೋದರು. ನಮ್ಮಲ್ಲಿ ಪ್ರತಿ ಗಿಡಕ್ಕೂ ಆ ಭಾಗದ ಸಮಿತಿ ಸದಸ್ಯರೇ ಜವಾಬ್ದಾರರು, ಎರಡು ವರ್ಷ ಹೋಗಿ ನೋಡಿ ಬರಬೇಕು. ಪಟ್ಟಿಯ ಅರ್ಧ ಜನ ಅವರವರ ನೆಂಟರೇ. ಹತ್ತನೇ ಹೆಸರಿಗೆ ಬರುವಷ್ಟರಲ್ಲಿ ನನ್ನ ಪೇಪರ್ ಮಡಚಿ ಜೇಬಿಗೆ ಹೋಗಿತ್ತು. ಒಂದು ಕುಂಡವೂ ಗೇಟು ದಾಟಬಾರದು ಅಂತ ತೀರ್ಮಾನ. ಅನುದಾನದವರಿಗೆ ಟೀಚರು ಆ ರಾತ್ರಿಯೇ ಪತ್ರ ಬರೆದರು. ನಾನು ಕಾರಿನಲ್ಲಿ ಗೊಣಗುತ್ತಾ ಬಂದೆ, ಅದನ್ನು ಮುಚ್ಚಿಡುವುದಿಲ್ಲ.

ಯೋಚಿಸಿದರೆ ಈ ಮರದ ಕಥೆಯೇ ಹಾಗೆ. ಇಲ್ಲಿನ ಉಲುವಿಗೆ ಬೀಜವಿಲ್ಲ. ಸಾವಿರಾರು ಮೈಲಿ ದೋಣಿಯಲ್ಲಿ ಬೇರಿನ ಸಸಿ ಹೊತ್ತು ತಂದ ಪಾಲಿನೇಷಿಯನ್ನರು ಇಲ್ಲದಿದ್ದರೆ ಹವಾಯಿಗೆ ಅದು ಬರುತ್ತಲೇ ಇರಲಿಲ್ಲ. ಮನುಷ್ಯ ಹೊತ್ತರೆ ಮಾತ್ರ ಸಮುದ್ರ ದಾಟುವ ಮರ. ಈ ಇರುವೆಯೂ ಅದನ್ನೇ ಕಲಿತಿದೆ. ಸಮಿತಿ ಜೊತೆ ಜಗಳ ಆಯ್ತಾ ಅಂತ ಕೇಳಿದವರಿಗೆ: 1789ರಲ್ಲಿ ಇಂಗ್ಲೆಂಡಿನ ಕ್ಯಾಪ್ಟನ್ ಬ್ಲೈ ತಹೀತಿ ದ್ವೀಪದಿಂದ ಬೌಂಟಿ ಹಡಗಿನಲ್ಲಿ ಸಾವಿರಕ್ಕೂ ಜಾಸ್ತಿ ಜೀಗುಜ್ಜೆ ಗಿಡ ತುಂಬಿಕೊಂಡು ಹೊರಟಿದ್ದ. ನಾವಿಕರು ದಂಗೆ ಎದ್ದು ಅವನನ್ನು ದೋಣಿಗೆ ಇಳಿಸಿ, ಗಿಡಗಳನ್ನೆಲ್ಲ ಸಮುದ್ರಕ್ಕೆ ಎಸೆದರು. ಅವನು ಮತ್ತೊಂದು ಹಡಗಿನಲ್ಲಿ ಹೋಗಿ ಕೆರಿಬಿಯನ್ ದ್ವೀಪಗಳಿಗೆ ಗಿಡ ಮುಟ್ಟಿಸಿದ್ದು 1793ರಲ್ಲಿ. ಜೀಗುಜ್ಜೆಗೆ ಜಗಳ ಅಂದ್ರೆ ಅದು. ನಮ್ಮ ಸಭೆಯಲ್ಲಿ ಕೊನೆಗೆ ಬಾಳೆಹಣ್ಣಿನ ಬ್ರೆಡ್ ಕೊಟ್ಟರು.

ಇನ್ನು ಔಷಧಿ. ಮೊದಲು ಕಾಳಿನ ರೂಪದ್ದು ಎರಚಿದೆವು. ಹಿಲೋ ಮಳೆ ಗೊತ್ತಲ್ಲ. ಒಟ್ಟು ಲೆಕ್ಕದಲ್ಲಿ ನಮ್ಮ ಕರಾವಳಿಗಿಂತ ಜಾಸ್ತಿ ಏನಲ್ಲ, ಆದರೆ ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಸುರಿದು ಮುಗಿಸುತ್ತದೆ, ಇಲ್ಲಿ ವರ್ಷವಿಡೀ ಕಂತಿನಲ್ಲಿ ಬರುತ್ತದೆ. ಎರಚಿ ಅರ್ಧ ಗಂಟೆಗೆ ಕಾಳೆಲ್ಲ ಗಂಜಿ. ಇರುವೆ ಮೂಸಿಯೂ ನೋಡಲಿಲ್ಲ.

ಹಾಗಾಗಿ ಜೆಲ್. ಅಡುಗೆ ಎಣ್ಣೆ, ಪೀನಟ್ ಬಟರ್, ನೀರು, ಗಟ್ಟಿಯಾಗಲು ಕ್ಸಾಂಥನ್ ಗಮ್, ಜೊತೆಗೆ ಕೀಟದ ಬೆಳವಣಿಗೆ ತಡೆಯುವ ಔಷಧಿ. ಇದು ತಕ್ಷಣ ಕೊಲ್ಲುವುದಿಲ್ಲ, ಕೊಲ್ಲಲೂ ಬಾರದು. ಒಂದು ಗೂಡಿನಲ್ಲಿ ಹಲವು ರಾಣಿಗಳಿರುತ್ತವೆ. ಕೆಲಸದ ಇರುವೆ ದಾರಿಯಲ್ಲೇ ಸತ್ತರೆ ಆಹಾರ ಒಳಗೆ ಹೋಗುವುದಿಲ್ಲ, ರಾಣಿಗಳು ಆರಾಮಾಗಿರುತ್ತವೆ. ಆರು ವಾರಕ್ಕೊಮ್ಮೆ ಹೊಡೆಯುತ್ತಾ, ಹೊಸ ಮರಿ ಬಾರದೆ ಗೂಡು ತಾನಾಗಿ ಮುದಿಯಾಗಲಿ ಅಂತ ಕಾಯಬೇಕು.

ಗಮ್ ಆರ್ಡರ್ ಮಾಡಿದೆ. 'ಅಮೆರಿಕದಾದ್ಯಂತ ಉಚಿತ ಸಾಗಾಟ' ಅಂತ ದೊಡ್ಡದಾಗಿ ಬರೆದಿತ್ತು, ಕೆಳಗೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಹವಾಯಿ ಬಿಟ್ಟು. ದುಡ್ಡು ಕಟ್ಟಿ ಮೂರು ವಾರ ಕಾದೆ. ಬಂದದ್ದು ಗೌರ್ ಗಮ್. ನಮ್ಮ ಗೋರಿಕಾಯಿ ಬೀಜದ ಅಂಟು ಸ್ವಾಮಿ ಅದು! ಮಾರಿದವನು ಎರಡೂ ಒಂದೇ ಅಂತ ಉತ್ತರ ಬರೆದ. ಇರಬಹುದೇನೋ ಅಂತ ಮಿಕ್ಸಿಗೆ ಹಾಕಿದೆ. ಒಂದು ಸಲ ನೀರು ಬೇರೆ ಎಣ್ಣೆ ಬೇರೆ ಆಯಿತು, ಇನ್ನೊಂದು ಸಲ ಹಾಲುಬಾಯಿ ಹದಕ್ಕೆ ಬಂದು ಸ್ಪ್ರೇಯರಿನ ನಾಜಲ್ ಕಟ್ಟಿತು, ಮೂರನೇ ಸಲ ಮೋಟಾರಿನಿಂದ ಹೊಗೆ ಬಂತು. ಊರಿಂದ ಹೊತ್ತು ತಂದ ಮಿಕ್ಸಿ. ಮನೆಯಲ್ಲಿ ಆ ವಿಷಯ ಇನ್ನೂ ಮುಗಿದಿಲ್ಲ. ಆಮೇಲೆ ಬೇಕರಿ ನಡೆಸುವ ಗೆಳೆಯನಿಂದ ಸರಿಯಾದ ಗಮ್ ಎರಡು ಚಮಚ ಸಾಲ ತಂದೆ, ಅದನ್ನು ಮೊದಲು ಎಣ್ಣೆಯಲ್ಲಿ ಕಲಸಿ ಆಮೇಲೆ ನೀರು ಹಾಕಿದೆ, ಐದೇ ನಿಮಿಷದಲ್ಲಿ ಹದ ಬಂತು. ಮೊದಲು ನೀರಿಗೆ ಹಾಕಿದರೆ ಗಂಟು ಕಟ್ಟುತ್ತದೆ, ನೆನಪಿಡಿ.

ಎರಡು ಸುತ್ತು ಹೊಡೆದೆವು. ಎರಡು ಬೆಂಚು ಖಾಲಿ. ಮೂರನೆಯದರಲ್ಲಿ ಮತ್ತೆ ಇರುವೆ. ಕುಂಡ ಬದಲಿಸಿದೆ, ಮಣ್ಣು ಬದಲಿಸಿದೆ. ಮತ್ತೆ ಇರುವೆ. ಬೆಂಚಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡೋಣ ಅಂದೆ, ಅಮ್ಮ ಬೆಲ್ಲದ ಡಬ್ಬಿಯನ್ನು ನೀರು ತುಂಬಿದ ತಟ್ಟೆಯಲ್ಲಿ ಇಡುತ್ತಿದ್ದರಲ್ಲ ಹಾಗೆ. ಮೀನಿನ ಅಂಕಲ್ ಬೇಡವೇ ಬೇಡ ಅಂದರು. 2015-16ರಲ್ಲಿ ಈ ದ್ವೀಪದಲ್ಲಿ ಡೆಂಗಿ ಹಬ್ಬಿತ್ತು, ನಿಂತ ನೀರು ಕಂಡರೆ ಇವರಿಗೆ ಆಗುವುದಿಲ್ಲ. ಸರಿ, ಎಣ್ಣೆ ಹಾಕಿದೆ. ಮತ್ತೆ ಇರುವೆ.

ಆ ದಿನ ಅಂಕಲ್ ಮಡಚುವ ಕುರ್ಚಿ ತಂದು ಮೂರನೇ ಬೆಂಚಿನ ಪಕ್ಕ ಸುಮ್ನೆ ಕೂತರು. ಗಾಳ ಹಾಕಿ ಕೂತ ಹಾಗೆಯೇ. ನಾವು ಕೆಲಸ ಮಾಡುತ್ತಿದ್ದೆವು. ನಲವತ್ತು ನಿಮಿಷವಾದ ಮೇಲೆ ಕರೆದು ಮೇಲೆ ತೋರಿಸಿದರು. ಬೆಂಚಿನ ನೇರ ಮೇಲೆ ಹಳೇ ತಾಯಿ ಉಲು ಮರದ ಕೊಂಬೆ. ಆಗತಾನೇ ಒಂದು ಒಣ ಎಲೆ ಕುಂಡದ ಮೇಲೆ ಬಿದ್ದಿತ್ತು. ಮಗುಚಿದರೆ ನರದ ಸಂದಿನಲ್ಲಿ ಬಿಳೀ ಹಿಟ್ಟು ತಿಗಣೆ, ಅವುಗಳ ಸಿಹಿ ಹೀರುತ್ತಾ ಹದಿನೈದಿಪ್ಪತ್ತು ಕಿತ್ತಳೆ ಚುಕ್ಕಿ. ಮರದ ಮೇಲೆ ಗೂಡು ಮಾಡಿದವು ಊಟಕ್ಕೆ ಕೆಳಗೆ ಇಳಿಯುವುದೇ ಇಲ್ಲ. ನಾನು ನೆಲಕ್ಕೆ ಎಷ್ಟು ಜೆಲ್ ಹೊಡೆದರೇನು, ಮೇಲಿನಿಂದ ಒಂದೊಂದೇ ಎಲೆ ವಿಮಾನದಲ್ಲಿ ಬಂದು ಇಳಿಯುತ್ತಿದ್ದವು.

ಕೊಂಬೆ ಕಡಿಯೋಣ ಅಂದೆ. ಆಂಟಿ ಒಪ್ಪಲಿಲ್ಲ. ಅವರ ಅಜ್ಜ ನೆಟ್ಟ ಮರ, ಅದಕ್ಕೇ ಇರಬೇಕು ಅಂದುಕೊಂಡೆ. ಅದಲ್ಲವಂತೆ. "ಕೊಂಬೆ ಕಡಿದರೆ ಪಕ್ಕದ ಕೊಂಬೆಗೆ ಹೋಗುತ್ತವೆ. ಬೆಂಚನ್ನು ಮರದ ಕೆಳಗೆ ಇಟ್ಟವರು ಯಾರು?" ಅಂತ ಕೇಳಿದರು. ಶೇಡ್ ನೆಟ್ ದುಡ್ಡು ಉಳಿಸಲು ಅಲ್ಲಿ ಇಟ್ಟವನು ನಾನೇ. ಎಲ್ಲರೂ ನನ್ನನ್ನೇ ನೋಡಿದರು, ಯಾರೂ ಮಾತಾಡಲಿಲ್ಲ.

312 ಕುಂಡವನ್ನೂ ಬಯಲಿಗೆ ಸಾಗಿಸಿದೆವು. ಸೊಂಟದ ಬಗ್ಗೆ ಬರೆಯುವುದಿಲ್ಲ. ಹೊಸ ಜಾಗದಲ್ಲಿ ಮತ್ತೊಂದು ಸುತ್ತು ಜೆಲ್, ಮರಕ್ಕೂ ಸ್ಪ್ರೇಯರ್ ಎಟುಕಿದಷ್ಟು ಎತ್ತರ ಕವಲು ಕವಲಿಗೆ. ಮರದಲ್ಲಿ ಇನ್ನೂ ಇವೆ. ಕುಂಡಗಳಲ್ಲಿ ಇಲ್ಲ.

ಈಗ ತಲೆಯಲ್ಲಿರುವುದು ಕಸಿ. ಬೇರು ಅಗೆದು ಅಗೆದು ತಾಯಿ ಮರಕ್ಕೆ ಸುಸ್ತಾಗಿದೆ. ನಮ್ಮೂರ ಕಡೆ ಹೆಬ್ಬಲಸಿನ ಗಿಡಕ್ಕೆ ಜೀಗುಜ್ಜೆ ಕಸಿ ಕಟ್ಟುತ್ತಾರಲ್ಲ, ಇಲ್ಲಿ ಹೆಬ್ಬಲಸು ಇಲ್ಲ. ಬ್ರೆಡ್‌ನಟ್ ಅಂತ ಬೀಜವಿರುವ ದಾಯಾದಿ ಒಂದಿದೆ, ಅದರ ಸಸಿ 30 ಎಬ್ಬಿಸಿದ್ದೇನೆ, ಪೆನ್ಸಿಲ್ ದಪ್ಪ ಬಂದ ತಕ್ಷಣ ಶುರು. ಮಾವಿ ದ್ವೀಪದ ಹಾನಾ ಊರಿನಲ್ಲಿ 150ಕ್ಕೂ ಹೆಚ್ಚು ತಳಿಗಳ ಜೀಗುಜ್ಜೆ ತೋಟವಿದೆ, ಅದಕ್ಕೆ ಮೊದಲು ಅಲ್ಲಿಗೊಮ್ಮೆ ಹೋಗಿ ಬರಬೇಕು. ಫೋನಿನಲ್ಲಿ ಅಮ್ಮನಿಗೆ ಹೇಳಿದರೆ, "ಹೆಬ್ಬಲಸಿನ ಬೀಜ ಉಪ್ಪಿನಕಾಯಿ ಬಾಟಲಿಯಲ್ಲಿ ಹಾಕಿ ಕಳಿಸ್ಲಾ ಮಗಾ?" ಅಂತ ಕೇಳಿದರು. ಬೇಡಮ್ಮ, ಆಂಟಿಗೆ ಗೊತ್ತಾದರೆ ನನ್ನನ್ನೇ ಫ್ರೀಜರಿನಲ್ಲಿ ಇಡುತ್ತಾರೆ ಅಂದೆ.

ಸೋಮವಾರ ಮೊದಲ 40 ಗಿಡ ಶಾಲೆಗೆ ಹೊರಡುತ್ತವೆ. ಅಂಕಲ್ ಪಿಕಪ್ ತರುತ್ತಾರೆ. ಗಿಡ ಹತ್ತಿಸುವ ಮೊದಲು ಪಿಕಪ್‌ನ ಹಿಂದುಗಡೆಗೂ ಎರಡು ಕಡ್ಡಿ ಇಡಬೇಕಂತೆ, ಆಂಟಿ ನಿನ್ನೆ ರಾತ್ರಿ ಮೆಸೇಜ್ ಹಾಕಿದ್ದಾರೆ.