ಗ್ಯಾರಂಟಿ ಯಾರು ಕೊಡ್ತಾರೆ?

ಈ ಮಂಗಳವಾರ ಬೆಳಗ್ಗೆ ಹತ್ತರ ಹೊತ್ತಿಗೆ ಮಂಗಳೂರಿನ ಬಿಜೈಯ ಒಂದು ಫ್ಲ್ಯಾಟಿನ ಪಾರ್ಕಿಂಗ್ ಪಕ್ಕದ ಪೇರಳೆ ಮರಕ್ಕೆ ಪೆಟ್ಟಿಗೆಯಲ್ಲಿ ಸಾಕುವ ಜಾತಿಯ ತುಡುವೆ ಜೇನಿನ ಪಾಲೊಂದು ಬಂದು ಕೂತಿತು. ಮಧ್ಯಾಹ್ನ ಎರಡಕ್ಕೆ ಔಷಧಿ ಹೊಡೆಯುವವರು ಬಂದರು. ಅರ್ಧ ಗಂಟೆಯೊಳಗೆ ಇಂಟರ್‌ಲಾಕ್ ಕಲ್ಲಿನ ಮೇಲೆ ಹಿಡಿಸೂಡಿಯಲ್ಲಿ ಗುಡಿಸಿ ತೆಗೆಯುವಷ್ಟು ನೊಣ ಸತ್ತು ಬಿದ್ದಿತ್ತು. ನಡುವೆ "ಸ್ವಲ್ಪ ಕಾಯಿರಿ, ತಾನಾಗಿ ಎದ್ದು ಹೋಗ್ತದೆ" ಎಂದು ನಾನು ಹೇಳಿದ್ದಕ್ಕೆ ಅಸೋಸಿಯೇಶನ್ನಿನ ಕಾರ್ಯದರ್ಶಿ ಕೇಳಿದ ಪ್ರಶ್ನೆ ವಾರವಿಡೀ ಕಿವಿಯಲ್ಲಿ ಕೂತಿದೆ: "ಹೋಗ್ತದೆ ಅಂತ ಗ್ಯಾರಂಟಿ ಯಾರು ಕೊಡ್ತಾರೆ ಮಾರಾಯ್ರೇ? ಮಕ್ಕಳು ಆಡುವ ಜಾಗ ಇದು."

ಆ ಮನುಷ್ಯ ಕೆಟ್ಟವರಲ್ಲ. ಲಿಫ್ಟ್ ಕೆಟ್ಟ ದಿನ ಮೂರನೇ ಮಹಡಿಯ ಅಜ್ಜಿಗೆ ತಾವೇ ತರಕಾರಿ ಹೊತ್ತು ಕೊಡುವಂಥವರು. ಅವರ ಪ್ರಶ್ನೆಯೂ ಸರಿಯಾದದ್ದೇ. ಆದರೆ ಆ ಪ್ರಶ್ನೆಯನ್ನು ಪ್ರಾಣಿಶಾಸ್ತ್ರಜ್ಞರು ಎಪ್ಪತ್ತೈದು ವರ್ಷದಿಂದ ಕೇಳುತ್ತ ಬಂದಿದ್ದಾರೆ, ಉತ್ತರವೂ ಬಹಳಷ್ಟು ಸಿಕ್ಕಿದೆ. ಅಲ್ಲಿ ನಿಂತಿದ್ದವರಿಗೆ ಅದು ಗೊತ್ತಿರಲಿಲ್ಲ ಎಂಬುದೇ ಸಂಕಟ.

ಜೇನು ಪಾಲಾಗುವುದೆಂದರೆ ಕುಟುಂಬ ಎರಡಾಗುವುದು. ಮಳೆ ನಿಂತು ಹೂವು ಹೆಚ್ಚಿ, ಪೆಟ್ಟಿಗೆಯಲ್ಲೋ ಪೊಟರೆಯಲ್ಲೋ ಸಂಸಾರ ತುಂಬಿದಾಗ ಮೊದಲು ಗಂಡು ನೊಣಗಳು ಕಾಣಿಸುತ್ತವೆ, ಆಮೇಲೆ ಎರಿಯ (ಮೇಣದ ಕೋಶಗಳ ಹಲ್ಲೆಯ) ಅಂಚಿನಲ್ಲಿ ರಾಣಿ ಕೋಶಗಳು ಜೋತು ಬೀಳುತ್ತವೆ. ಹೊಸ ರಾಣಿ ಹೊರಬರುವ ಮೊದಲೇ ಹಳೆಯ ರಾಣಿ ಕೆಲಸಗಾರ ನೊಣಗಳ ದೊಡ್ಡ ಪಾಲನ್ನು ಕರೆದುಕೊಂಡು ಹೊರಡುತ್ತಾಳೆ. ಹೊರಡುವ ಮುನ್ನ ಪ್ರತಿ ನೊಣವೂ ಹೊಟ್ಟೆ ತುಂಬ ಜೇನು ಹೀರಿಕೊಂಡಿರುತ್ತದೆ, ದಾರಿಯ ಬುತ್ತಿ ಅದು. ಹತ್ತಿರದ ಯಾವುದೋ ಕೊಂಬೆಯಲ್ಲಿ ಒಂದರ ಕಾಲನ್ನು ಒಂದು ಹಿಡಿದು ಗೊಂಚಲಾಗಿ ನೇತಾಡುತ್ತವೆ. ಆ ಗೊಂಚಲಿನೊಳಗೆ ಎರಿ ಇಲ್ಲ, ಮೊಟ್ಟೆ ಇಲ್ಲ, ಮರಿ ಇಲ್ಲ, ಕಾಪಾಡಿಕೊಳ್ಳಬೇಕಾದ ದಾಸ್ತಾನಿಲ್ಲ. ಕಚ್ಚುವುದಕ್ಕೆ ಕಾರಣವೇ ಇಲ್ಲದ ಹೊತ್ತು ಜೇನಿನ ಬದುಕಿನಲ್ಲಿ ಯಾವುದಾದರೂ ಇದ್ದರೆ ಇದು. ಕಲ್ಲು ಹೊಡೆದರೆ, ಹೊಗೆ ಹಾಕಿದರೆ, ಪೈಪಿನಲ್ಲಿ ನೀರು ಬಿಟ್ಟರೆ ಮಾತು ಬೇರೆ.

ಪೇರಳೆ ಮರದಲ್ಲಿ ಗೂಡು ಕಟ್ಟುವುದಕ್ಕೆ ಅದು ಬಂದದ್ದಲ್ಲ. ತುಡುವೆಗೆ ಕತ್ತಲೆಯ ಜಾಗ ಬೇಕು: ಮರದ ಪೊಟರೆ, ಹುತ್ತ, ಮುರಕಲ್ಲಿನ ಗೋಡೆಯ ಸಂದು. ಕೊಂಬೆಯ ಮೇಲೆ ಕೂತದ್ದು ಮನೆ ಹುಡುಕಿ ಮುಗಿಯುವವರೆಗೆ ಮಾತ್ರ. ಕೆಲವು ಗಂಟೆ ಹಿಡಿಯಬಹುದು, ಒಂದೆರಡು ದಿನವೂ ಆಗಬಹುದು, ಮೋಡ ಮಳೆ ಇದ್ದರೆ ಇನ್ನೂ ಎಳೆಯಬಹುದು.

ಹುಡುಕಾಟ ನಡೆಯುವ ಬಗೆಯನ್ನು ಮೊದಲು ಕಂಡವರು ಜರ್ಮನಿಯ ಮಾರ್ಟಿನ್ ಲಿಂಡಾವರ್. ಜೇನಿನ ಕುಣಿತದ ಅರ್ಥ ಬಿಡಿಸಿ 1973ರಲ್ಲಿ ನೊಬೆಲ್ ಪಡೆದ ಕಾರ್ಲ್ ಫಾನ್ ಫ್ರಿಶ್ ಅವರ ಶಿಷ್ಯ. 1949ರಲ್ಲಿ, ಯುದ್ಧದಲ್ಲಿ ಬಾಂಬು ಬಿದ್ದು ಹಾಳಾಗಿದ್ದ ಮ್ಯೂನಿಕ್‌ನಲ್ಲಿ, ಗೊಂಚಲಿನ ಮೇಲೆ ಕುಣಿಯುತ್ತಿದ್ದ ನೊಣಗಳ ಮೈಯಲ್ಲಿ ಮಕರಂದ, ಪರಾಗದ ಬದಲು ಹೊಗೆಮಸಿಯೂ ಇಟ್ಟಿಗೆ ಪುಡಿಯೂ ಇರುವುದನ್ನು ನೋಡಿದರು. ಹೂವಿನಿಂದ ಬಂದವಲ್ಲ, ಚಿಮಣಿ ಮತ್ತು ಮುರಿದ ಗೋಡೆಗಳ ಸಂದು ನೋಡಿ ಬಂದವು. ಮನೆಯ ಸುದ್ದಿ ತಂದು ಕುಣಿಯುತ್ತಿದ್ದವು.

ಮುಂದಿನ ಲೆಕ್ಕವೆಲ್ಲ ಹೆಚ್ಚಾಗಿ ಅಮೆರಿಕದ ಥಾಮಸ್ ಸೀಲಿ ಮತ್ತು ಸಂಗಡಿಗರದ್ದು, ಯುರೋಪಿನ ಜೇನಿನ ಮೇಲೆ ಮಾಡಿದ್ದು. ಅಲ್ಲಿಯ ಮೇನ್ ರಾಜ್ಯದ ಕರಾವಳಿಯಾಚೆಗಿನ ಆ್ಯಪಲ್‌ಡೋರ್ ದ್ವೀಪದಲ್ಲಿ ಪೊಟರೆ ಇರುವ ದೊಡ್ಡ ಮರಗಳಿಲ್ಲ. ಹಾಗಾಗಿ ಅವರು ಇಟ್ಟ ಪೆಟ್ಟಿಗೆ ಬಿಟ್ಟರೆ ಜೇನಿಗೆ ಬೇರೆ ಒಳ್ಳೆಯ ಮನೆಯೇ ಸಿಗುವುದಿಲ್ಲ, ಪ್ರತಿ ಶೋಧಕ ನೊಣಕ್ಕೂ ಬಣ್ಣದ ಗುರುತು ಹಾಕಿ ಯಾವುದು ಎಲ್ಲಿಗೆ ಹೋಯಿತು ಎಂದು ನೋಡಬಹುದು. ಹತ್ತು ಸಾವಿರ ನೊಣದ ಗುಂಪಿನಲ್ಲಿ ಹುಡುಕಲು ಹೊರಡುವವು ಕೆಲವು ನೂರು ಮಾತ್ರ. ಉಳಿದವು ಜೇನು ಉಳಿಸಿಕೊಂಡು ಸುಮ್ಮನೆ ನೇತಾಡುತ್ತವೆ. ರಾಣಿ ನಿರ್ಧರಿಸುತ್ತಾಳೆ ಎಂದು ಜನ ತಿಳಿದಿದ್ದಾರೆ. ಈ ವಿಷಯದಲ್ಲಿ ಅವಳಿಗೆ ಯಾವ ಮಾತೂ ಇಲ್ಲ.

ಶೋಧಕ ನೊಣ ಪೊಟರೆಯ ಒಳಗೆ ನಡೆದು, ಚಿಕ್ಕ ಚಿಕ್ಕದಾಗಿ ಹಾರಿ, ಅಳತೆ ನೋಡುತ್ತದೆ. ಯುರೋಪಿನ ಜೇನಿಗೆ ಸುಮಾರು 40 ಲೀಟರ್ ಜಾಗ, ನೆಲದಿಂದ ಎತ್ತರದಲ್ಲಿ ಸಣ್ಣ ಬಾಗಿಲು ಇಷ್ಟ. ನಮ್ಮ ತುಡುವೆ ಅದಕ್ಕಿಂತ ಚಿಕ್ಕದಕ್ಕೂ ಒಪ್ಪುತ್ತದೆ. ವಾಪಸ್ ಬಂದು ಗೊಂಚಲಿನ ನೊಣಗಳ ಬೆನ್ನ ಮೇಲೆ ಎಂಟರ ಆಕಾರದಲ್ಲಿ, ನಡುವಿನ ನೇರ ಓಟದಲ್ಲಿ ಮೈ ಓಲಾಡಿಸುತ್ತ, ಕುಣಿಯುತ್ತದೆ. ಜಾಗ ಚೆನ್ನಾಗಿದ್ದರೆ ಸುತ್ತು ಹೆಚ್ಚು. ಇಲ್ಲಿಂದಾಚೆಗಿನದು ಎಷ್ಟು ಸಲ ಓದಿದರೂ ಬೆರಗು ಹುಟ್ಟಿಸುತ್ತದೆ. ಅದೇ ನೊಣ ಅದೇ ಜಾಗವನ್ನು ಮತ್ತೆ ನೋಡಿ ಬಂದು ಕುಣಿದಾಗ ಸುಮಾರು ಹದಿನೈದು ಸುತ್ತು ಕಡಿಮೆ ಮಾಡುತ್ತದೆ. ಜಾಗ ಎಷ್ಟೇ ಒಳ್ಳೆಯದಿರಲಿ, ಪ್ರತಿ ಸಲವೂ ಇಷ್ಟು ಇಳಿಯುತ್ತದೆ. ತೊಂಬತ್ತು ಸುತ್ತಿನಿಂದ ಶುರು ಮಾಡಿದ್ದು 75, 60, 45 ಎಂದು ಇಳಿಯುತ್ತ ಬಹಳ ಹೊತ್ತು ಬೇರೆ ನೊಣಗಳನ್ನು ಆ ಜಾಗಕ್ಕೆ ಕಳಿಸುತ್ತಿರುತ್ತದೆ. ಮೂವತ್ತರಿಂದ ಶುರು ಮಾಡಿದ್ದು ಎರಡೇ ಸಲಕ್ಕೆ ಬಾಯಿ ಮುಚ್ಚುತ್ತದೆ. ಯಾವ ನೊಣವೂ ಹಟ ಹಿಡಿಯುವುದಿಲ್ಲ. ಗೆದ್ದ ಜಾಗದ ಪರ ಕುಣಿದದ್ದೂ ಕೊನೆಗೆ ನಿಲ್ಲಿಸುತ್ತದೆ.

ಕುಣಿತ ನೋಡಿದ ನೊಣ ಅದನ್ನು ನಂಬಿ ತಾನೂ ಕುಣಿಯಲು ತೊಡಗುವುದಿಲ್ಲ. ಹಾರಿ ಹೋಗಿ ಆ ಪೊಟರೆಯನ್ನು ತಾನೇ ಅಳೆದು ಬರುತ್ತದೆ, ಆಮೇಲೆ ತನ್ನ ಲೆಕ್ಕದ ಸುತ್ತು ಹಾಕುತ್ತದೆ. ಒಂದು ನೊಣ ತಪ್ಪಾಗಿ ಅತಿ ಹೊಗಳಿದರೂ ಆ ತಪ್ಪು ಮುಂದಕ್ಕೆ ಹರಡದಿರುವುದು ಇದರಿಂದಲೇ. ಅದರ ಮೇಲೆ ಇನ್ನೊಂದು ಏರ್ಪಾಡಿದೆ. ಸೀಲಿಯವರ ಗುಂಪು ಒಂದೇ ಥರದ ಎರಡು ಪೆಟ್ಟಿಗೆ ಇಟ್ಟು ನೋಡಿದಾಗ, ಒಂದು ಪೆಟ್ಟಿಗೆಯ ನೊಣಗಳು ಇನ್ನೊಂದರ ಪರ ಕುಣಿಯುವವುಗಳಿಗೆ ತಲೆಯಿಂದ ಗುದ್ದಿ ಕಿರುಚಿ ಕುಣಿತ ನಿಲ್ಲಿಸುತ್ತಿದ್ದವು. ಎರಡು ಪಕ್ಷ ಸಮಸಮವಾಗಿ ಸಿಕ್ಕಿಬೀಳದಂತೆ ಇದು ತಪ್ಪಿಸುತ್ತದೆ ಎಂದು 2012ರಲ್ಲಿ ಪ್ರಕಟವಾಯಿತು.

ನಿರ್ಧಾರವಾಯಿತು ಎಂದು ತಿಳಿಯುವುದು ಕೊಂಬೆಯಲ್ಲಲ್ಲ, ಹೊಸ ಮನೆಯ ಬಾಗಿಲಲ್ಲಿ. ಅಲ್ಲಿ ಒಂದೇ ಹೊತ್ತಿಗೆ ಇಪ್ಪತ್ತು ಮೂವತ್ತು ಶೋಧಕ ನೊಣ ಸೇರಿದರೆ ಸಾಕು. ಐದು ಪೆಟ್ಟಿಗೆ ಒತ್ತೊತ್ತಾಗಿ ಇಟ್ಟು ಆ ನೊಣಗಳನ್ನು ಹಂಚಿಹೋಗುವಂತೆ ಮಾಡಿದಾಗ, ಎಲ್ಲವೂ ಒಂದೇ ದಿಕ್ಕಿಗೆ ಕುಣಿಯುತ್ತಿದ್ದರೂ ಗುಂಪು ಏಳುವುದು ತಡವಾಯಿತು. ಸಂಖ್ಯೆ ತುಂಬಿದ ಮೇಲೆ ಶೋಧಕ ನೊಣಗಳು ಗೊಂಚಲಿಗೆ ಮರಳಿ, ಒಂದೊಂದನ್ನೂ ತಟ್ಟಿ ಸಣ್ಣ ದನಿಯಲ್ಲಿ ಪೀಪಿ ಊದುತ್ತವೆ. ಹಾರುವ ಸ್ನಾಯು ಸುಮಾರು 35 ಡಿಗ್ರಿ ಸೆಲ್ಸಿಯಸ್‌ಗೆ ಕಾಯಬೇಕು, ಅದಕ್ಕೇ ಈ ಎಬ್ಬಿಸುವಿಕೆ. ಹೊರಪದರದ ನೊಣಗಳೂ ಕಾದ ಮೇಲೆ ಕೆಲವು ಝೇಂಕರಿಸುತ್ತ ಗುಂಪಿನ ನಡುವೆ ನುಗ್ಗಿ ಕಾಲಿನ ಸರಪಳಿ ಬಿಡಿಸುತ್ತವೆ, ನಿಮಿಷದೊಳಗೆ ಗೊಂಚಲು ಗಾಳಿಗೇರುತ್ತದೆ. ಹಾರುವ ಮೋಡದಲ್ಲಿ ದಾರಿ ಗೊತ್ತಿರುವವು ನೂರಕ್ಕೆ ಐದೂ ಇಲ್ಲ; ಅವು ಮೇಲ್ಭಾಗದಲ್ಲಿ ಬಾಣದಂತೆ ಮನೆಯ ದಿಕ್ಕಿಗೆ ಚಿಮ್ಮುತ್ತವೆ, ಉಳಿದವು ಅವನ್ನು ನೋಡಿ ಹಿಂಬಾಲಿಸುತ್ತವೆ. ಅಪರೂಪಕ್ಕೆ ಒಮ್ಮತವಾಗದೆ ಎದ್ದ ಗುಂಪು ಗಾಳಿಯಲ್ಲೇ ಎರಡಾಗಿ ಎಳೆದಾಡಿದ್ದನ್ನೂ ಲಿಂಡಾವರ್ ಕಂಡಿದ್ದರು. ಹಾಗಾಗಿ ನೂರಕ್ಕೆ ನೂರು ಗ್ಯಾರಂಟಿ ಜೇನಿಗೂ ಇಲ್ಲ, ನಿಜ. ಆದರೆ ಹೊರಡುವುದು ಹತ್ತಿರ ಬಂತೋ ಇಲ್ಲವೋ ಎಂಬುದು ಕೆಳಗೆ ನಿಂತು ಓದಬಹುದಾದ ವಿಷಯ.

ಮಂಗಳವಾರ ಅದು ಕಣ್ಣೆದುರಿಗೇ ಇತ್ತು. ಹನ್ನೊಂದಕ್ಕೆ ಗೊಂಚಲಿನ ಮೇಲೆ ಕುಣಿಯುವ ನೊಣ ವಿರಳ, ಒಂದೊಂದು ಒಂದೊಂದು ಕಡೆಗೆ. ಒಂದು ಗಂಟೆಯ ಹೊತ್ತಿಗೆ ಬಹುತೇಕ ಎಲ್ಲವೂ ಎಡಕ್ಕೆ, ಅಡ್ಡಲಾಗಿ ಓಲಾಡುತ್ತಿದ್ದವು. ನೇರ ಮೇಲಕ್ಕೆ ಓಲಾಡಿದರೆ ಮನೆ ಸೂರ್ಯನ ದಿಕ್ಕಿನಲ್ಲಿದೆ ಎಂದರ್ಥ. ಈ ಚಳಿಗಾಲದಲ್ಲಿ ಮಧ್ಯಾಹ್ನ ಒಂದಕ್ಕೆ ಸೂರ್ಯ ನಮಗೆ ಹೆಚ್ಚುಕಡಿಮೆ ದಕ್ಷಿಣದಲ್ಲಿರುತ್ತಾನೆ. ಅಲ್ಲಿಂದ ಎಡಕ್ಕೆ ಕಾಲು ವೃತ್ತ ಎಂದರೆ ಪೂರ್ವ, ಕದ್ರಿ ಗುಡ್ಡದ ಕಡೆ. ಓಲಾಟ ಎಷ್ಟು ಹೊತ್ತೋ ಅಷ್ಟು ದೂರ. ಯುರೋಪಿನ ಜೇನಿನಲ್ಲಿ ಒಂದು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ತುಡುವೆಯ ಲೆಕ್ಕ ಬೇರೆ: ನಮ್ಮ ತುಡುವೆ, ಕೋಲು ಜೇನು, ಹೆಜ್ಜೇನು ಮೂರನ್ನೂ ಹೋಲಿಸಿ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್‌ನ ಆಕ್ಸೆಲ್ ಬ್ರೋಕ್‌ಮನ್ ಮತ್ತು ಸಂಗಡಿಗರು 2020ರಲ್ಲಿ ತೋರಿಸಿದಂತೆ, ಕಡಿಮೆ ದೂರ ಮೇಯುವ ತುಡುವೆ ಅಷ್ಟೇ ದೂರಕ್ಕೆ ಉಳಿದೆರಡಕ್ಕಿಂತ ಹೆಚ್ಚು ಹೊತ್ತು ಓಲಾಡುತ್ತದೆ. ಇಲ್ಲಿಯ ಓಲಾಟ ಸೆಕೆಂಡಿಗಿಂತ ಕಡಿಮೆ. ಕೆಲವು ನೂರು ಮೀಟರ್ ಆಚೆಗೆ ಮನೆ ನೋಡಿಯಾಗಿತ್ತು. ಸಂಜೆಯೊಳಗೆ ಪೇರಳೆ ಮರ ಖಾಲಿಯಾಗುವ ಎಲ್ಲ ಲಕ್ಷಣವೂ ಇತ್ತು.

ಆ ಹೊತ್ತಿಗೆ ಫ್ಲ್ಯಾಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಚಿತ್ರ ಹರಿದಾಡುತ್ತಿತ್ತು, ಕೆಳಗೆ "ಹೆಜ್ಜೇನು, ಎಚ್ಚರ" ಎಂಬ ಸಾಲು. ಬರೆದವರು ಐದನೇ ಮಹಡಿಯಿಂದ ನೋಡಿದ್ದರು. ಮುಂದಕ್ಕೆ ಕಳಿಸಿದವರಲ್ಲಿ ಕೆಳಗಿಳಿದು ಬಂದವರು ಕಡಿಮೆ, ಔಷಧಿಯವರಿಗೆ ಫೋನು ಹೋದದ್ದು ಆ ಸಾಲಿನ ಬಲದಿಂದ. ಹತ್ತು ಅಡಿ ದೂರದಿಂದ ನೋಡಿದರೂ ವ್ಯತ್ಯಾಸ ತಿಳಿಯುತ್ತದೆ. ಹೆಜ್ಜೇನು ತುಡುವೆಗಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ಉದ್ದ, ಅದರ ಗೂಡು ಬಯಲಲ್ಲೇ ನೇತಾಡುವ ಒಂದೇ ದೊಡ್ಡ ಎರಿ. ಒಬ್ಬರು ನೋಡಿದ್ದನ್ನು ನಲವತ್ತು ಮಂದಿ ಹೇಳಿದರೆ ನಲವತ್ತು ಸಾಕ್ಷಿ ಆಗುವುದಿಲ್ಲ. ಶೋಧಕ ನೊಣಗಳು ಇಪ್ಪತ್ತಕ್ಕೆ ಸೇರಿದರೆ ಸಾಕಾಗುವುದು, ಆ ಇಪ್ಪತ್ತೂ ಒಳಗೆ ಹೋಗಿ ಅಳೆದು ಬಂದವಾದ್ದರಿಂದ.

ಸಿಂಪಡಿಸಿದ ಮೇಲೆ ಅಪಾಯ ಹೆಚ್ಚಿತು, ಕಡಿಮೆಯಾಗಲಿಲ್ಲ. ಇಂಥ ಔಷಧಿ ನರಕ್ಕೆ ತಾಗುವಂಥದ್ದು; ತಕ್ಷಣ ಸಾಯದ ನೊಣಗಳು ನೆಲದಲ್ಲಿ ತೆವಳುತ್ತಿರುತ್ತವೆ, ಬರಿಗಾಲಿನ ಮಗು ಮೆಟ್ಟುವುದು ಅವನ್ನೇ. ಇನ್ನೊಂದು, ಗುಂಪು ಸತ್ತರೂ ಹುಡುಕಲು ಹೋದವು ಸತ್ತಿರುವುದಿಲ್ಲ. ಮೂರು ಗಂಟೆಯಾದರೂ ಅವು ಬರುತ್ತಲೇ ಇದ್ದವು. ತೊಳೆದ ಕೊಂಬೆಗೆ ಇಳಿಯುವುದು, ಎರಡು ಹೆಜ್ಜೆ ನಡೆಯುವುದು, ಏಳುವುದು, ಮತ್ತೆ ಅಲ್ಲಿಗೇ ಇಳಿಯುವುದು. ಹೇಳುವುದಕ್ಕೆ ಕದ್ರಿಯ ಸುದ್ದಿ ಇತ್ತು, ಕುಣಿಯುವುದಕ್ಕೆ ಬೆನ್ನುಗಳಿರಲಿಲ್ಲ. ಕಾರ್ಯದರ್ಶಿಯೂ ಅದನ್ನು ನೋಡುತ್ತ ನಿಂತರು. "ಇವು ಎಂಥ ಹುಡುಕ್ತಾ ಉಂಟು?" ಎಂದರು. ಹೇಳಿದಾಗ ಮಾತಾಡಲಿಲ್ಲ. ಅವರ ಮೇಲಿದ್ದ ಸಿಟ್ಟು ಅಲ್ಲಿಗೆ ಇಳಿಯಿತು. ಹೆಸರಿನ ಮುಂದೆ ಕೀಟ ನಿಯಂತ್ರಣ ಎಂದು ಹಾಕಿಕೊಂಡೂ ಯಾವ ಜೇನು ಎಂದು ಒಂದು ಮಾತು ಕೇಳದೆ ಪಂಪು ಒತ್ತಿದವರ ಮೇಲಿನದು ಇಳಿದಿಲ್ಲ.

ರಾಣಿಯ ವಾಸನೆ, ಗುಂಪಿನ ವಾಸನೆ ಆ ಕೊಂಬೆಯಲ್ಲಿ ಉಳಿಯುತ್ತದೆ. ಮುಂದಿನ ಪಾಲೂ ಅಲ್ಲಿಗೇ ಬರಬಹುದು, ಹಂಗಾಮು ಇನ್ನೂ ಮುಗಿದಿಲ್ಲ. ಆದ್ದರಿಂದ ಮಾಡಬೇಕಾದ್ದನ್ನು ಕಾರ್ಯದರ್ಶಿಯವರಿಗೆ ಬರೆದು ಕೊಟ್ಟಾಗಿದೆ. ಎರಿ ಇರುವ ಹೆಜ್ಜೇನಾದರೆ, ಅಥವಾ ವಲಸೆಯ ದಾರಿಯಲ್ಲಿ ದಣಿವಾರಿಸಲು ಕೂತ ಹೆಜ್ಜೇನಾದರೂ, ಹತ್ತಿರ ಹೋಗುವುದು ಬೇಡ, ಅನುಭವಸ್ಥರೇ ಬರಬೇಕು. ತುಡುವೆಯ ಗೊಂಚಲಾದರೆ ಸುತ್ತ ಹಗ್ಗ ಕಟ್ಟಿ, ಮಕ್ಕಳನ್ನೂ ಜೇನಿನ ಅಲರ್ಜಿ ಇರುವವರನ್ನೂ ದೂರವಿಟ್ಟು ಕಾಯಬೇಕು. ಮೀಟರ್ ಬಾಕ್ಸ್, ಎಸಿ ಪೈಪಿನ ತೂತು, ಗೋಡೆಯ ಸಂದುಗಳನ್ನು ಅದೇ ದಿನ ಜಾಲರಿ ಹಾಕಿ ಮುಚ್ಚಬೇಕು, ಮನೆ ಹುಡುಕುವವು ಅವನ್ನೂ ಅಳೆದು ನೋಡುತ್ತಿರುತ್ತವೆ.

ಕಾಯುವುದಕ್ಕಿಂತ ಒಳ್ಳೆಯದು ಸಂಜೆ ಪೆಟ್ಟಿಗೆಗೆ ತುಂಬಿಸುವುದು. ಜೇನು ಸಾಕುವವರು ದಕ್ಷಿಣ ಕನ್ನಡ, ಉಡುಪಿಯಲ್ಲಿ ಊರೂರಿಗೆ ಇದ್ದಾರೆ, ಪಾಲು ಸಿಗುತ್ತದೆ ಎಂದರೆ ಬರುತ್ತಾರೆ. ಹಳೆಯ ಎರಿ ಕಟ್ಟಿದ ಒಂದು ಚೌಕಟ್ಟು, ಮರಿ ಇದ್ದರೆ ಇನ್ನೂ ಒಳ್ಳೆಯದು, ಪೆಟ್ಟಿಗೆಯಲ್ಲಿಟ್ಟು ಗೊಂಚಲಿನ ಮೇಲೆ ತಾಗುವಂತೆ ಹಿಡಿಯಬೇಕು. ಜೇನು ಮೇಲಕ್ಕೆ, ಕತ್ತಲೆಗೆ ನಡೆಯುತ್ತದೆ. ಕೆಳಗೆ ಹಿಡಿದು ಕೊಂಬೆ ಕುಲುಕಿದರೆ ಅರ್ಧ ಮತ್ತೆ ಮರಕ್ಕೇ ಹೋಗುತ್ತದೆ. ರಾಣಿ ಒಳಗೆ ಸೇರಿದಳೆಂದರೆ ಬಾಗಿಲಲ್ಲಿ ಕೆಲವು ನೊಣ ಬಾಲ ಮೇಲೆತ್ತಿ ರೆಕ್ಕೆ ಬೀಸಿ ಉಳಿದವನ್ನು ಕರೆಯುತ್ತವೆ. ಪೆಟ್ಟಿಗೆ ಸಾಗಿಸುವುದು ಕತ್ತಲಾದ ಮೇಲೆಯೇ, ಇಲ್ಲದಿದ್ದರೆ ಹೊರಗಿನ ಶೋಧಕ ನೊಣಗಳು ಉಳಿದುಹೋಗುತ್ತವೆ. ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಡಬೇಕು, ಇರುವೆ ಹತ್ತದಂತೆ. ಸಮಸಮ ಸಕ್ಕರೆ, ನೀರಿನ ಪಾಕವನ್ನು ಸಂಜೆ ಮಾತ್ರ, ಚೆಲ್ಲದಂತೆ ಕೊಡಬೇಕು. ಹಗಲು ಕೊಟ್ಟರೆ ಬೇರೆ ಕುಟುಂಬಗಳು ದೋಚಲು ಬರುತ್ತವೆ.

ಬಾಗಿಲಿಗೆ ರಾಣಿ ತಡೆ (ರಾಣಿ ಹೊರಹೋಗದಂತೆ ಹಾಕುವ ಜಾಲರಿ) ಎರಡು ಮೂರು ದಿನ ಸಾಕು. ಹಳೆಯ ರಾಣಿ ಹೊರಟ ಮೇಲೆ ಅದೇ ಕುಟುಂಬದಿಂದ ಎದ್ದ ಎರಡನೇ, ಮೂರನೇ ಪಾಲಾಗಿದ್ದರೆ ಒಳಗಿರುವುದು ಕನ್ಯೆ ರಾಣಿ. ತಡೆ ಬಿಟ್ಟೇ ಇದ್ದರೆ ಅವಳು ಗಂಡು ನೊಣಗಳನ್ನು ಕೂಡಲು ಹೊರಗೆ ಹೋಗಲಾರಳು, ಕುಟುಂಬ ಅಲ್ಲೇ ಮುಗಿಯಿತು. ಒಂದು ವಾರ ಬಿಟ್ಟು ತೆರೆದು ಹೊಸ ಬಿಳಿ ಎರಿಯನ್ನು ಬೆಳಕಿಗೆ ಹಿಡಿಯಬೇಕು. ಕೋಶದ ತಳದಲ್ಲಿ ಒಂದೊಂದೇ ಮೊಟ್ಟೆ ಇದ್ದರೆ ಹಳೆಯ ರಾಣಿ ಕೆಲಸ ಶುರು ಮಾಡಿದ್ದಾಳೆ. ಏನೂ ಕಾಣದಿದ್ದರೆ ಇನ್ನೊಂದು ವಾರ ಬಿಡಬೇಕು, ಕನ್ಯೆ ರಾಣಿಗೆ ಅಷ್ಟು ಸಮಯ ಬೇಕು. ಆಮೇಲೂ ಒಂದೇ ಕೋಶದಲ್ಲಿ ಎರಡು ಮೂರು ಮೊಟ್ಟೆ, ಅದೂ ಗೋಡೆಗೆ ಅಂಟಿಕೊಂಡಂತೆ ಕಂಡರೆ ರಾಣಿ ಇಲ್ಲ, ಕೆಲಸಗಾರ ನೊಣಗಳೇ ಮೊಟ್ಟೆ ಇಡುತ್ತಿವೆ. ಆ ಗುಂಪನ್ನು ರಾಣಿ ಇರುವ ಬೇರೆ ಪೆಟ್ಟಿಗೆಗೆ ಸೇರಿಸುವುದೊಂದೇ ದಾರಿ.