ಸಿಸ್ಟರ್ ಆಲ್ಮಾ ಮಾಡಿದ್ದು ಸರಿಯಾ?

ನಮ್ಮ ಮನೆಯಲ್ಲಿ ಸಿನಿಮಾ ಹುಚ್ಚು ಇರುವುದು ಇವರಿಗೆ, ನನಗಲ್ಲ. ಸ್ಟಾಕ್‌ಹೋಮ್‌ಗೆ ಬಂದ ಮೇಲಂತೂ ಸ್ವೀಡನ್ನಿನ ಹೆಸರಾಂತ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್ ಊರಿಗೇ ಬಂದುಬಿಟ್ಟೆವು ಅಂತ ಇವರಿಗೆ ಎಲ್ಲಿಲ್ಲದ ಸಂಭ್ರಮ. ಫಿಲ್ಮ್‌ಹೂಸೆಟ್ ಅನ್ನುವ ಇಲ್ಲಿನ ಸಿನಿಮಾ ಭವನದಲ್ಲಿ ಅವರ 'ಪರ್ಸೋನಾ' ಹಾಕುತ್ತಾರೆ ಅಂತ ಗೊತ್ತಾದ ತಕ್ಷಣ ಎರಡು ಟಿಕೆಟ್ ತೆಗೆದರು. "ಸ್ವಲ್ಪ ಕಷ್ಟದ ಸಿನಿಮಾ ಕಣೇ, ಅರ್ಥ ಆಗದಿದ್ರೆ ಬೇಜಾರು ಮಾಡ್ಕೋಬೇಡ" ಅಂತ ನನಗೆ ಮೊದಲೇ ಹೇಳಿದ್ದರು.

ಒಂದು ವಿಷಯ ಮಾತ್ರ ಇವರ ಲೆಕ್ಕಕ್ಕೆ ಬಂದಿರಲಿಲ್ಲ. ಅವತ್ತು ಸಬ್‌ಟೈಟಲ್ ಇರಲಿಲ್ಲ. ಇವರ ಆಫೀಸಿನಲ್ಲಿ ಎಲ್ಲರದ್ದೂ ಇಂಗ್ಲಿಷ್. ನನ್ನ ಕೆಲಸ ವೃದ್ಧರ ಆರೈಕೆ ಮನೆಯಲ್ಲಿ. ಅಲ್ಲಿ ಅಜ್ಜ ಅಜ್ಜಿಯರ ಹತ್ತಿರ ಸ್ವೀಡಿಷ್ ಬಿಟ್ಟರೆ ಬೇರೆ ಮಾತು ನಡೆಯುವುದಿಲ್ಲ. ಹಾಗಾಗಿ ಬರ್ಗ್‌ಮನ್ ಬಗ್ಗೆ ಪುಸ್ತಕ ಓದಿಕೊಂಡು ಬಂದವರಿಗೆ ಮಾತು ಅರ್ಥವಾಗುತ್ತಿರಲಿಲ್ಲ. ಸುಮ್ನೆ ಜೊತೆಗೆ ಬಂದವಳಿಗೆ ಎಲ್ಲವೂ ಅರ್ಥವಾಗುತ್ತಿತ್ತು.

1966ರ ಕಪ್ಪು ಬಿಳುಪು ಸಿನಿಮಾ ಇದು. ಒಂದೂವರೆ ಗಂಟೆಯೂ ಇಲ್ಲ. ಆದರೆ ಶುರುವಿನ ಕೆಲವು ನಿಮಿಷ ತಡೆದುಕೊಳ್ಳುವುದೇ ಕಷ್ಟ. ಪ್ರೊಜೆಕ್ಟರಿನ ಕಾರ್ಬನ್ ಕಡ್ಡಿಗಳು ಹೊತ್ತಿಕೊಳ್ಳುತ್ತವೆ, ರೀಲು ಓಡುತ್ತದೆ. ಜೇಡ ಬರುತ್ತದೆ. ಕುರಿಯ ರಕ್ತ ಹರಿಯುತ್ತದೆ. ಒಂದು ಅಂಗೈಗೆ ಮೊಳೆ ಹೊಡೆಯುತ್ತಾರೆ. ಆಮೇಲೆ ಶವಾಗಾರ. ಬಿಳಿ ಬಟ್ಟೆ ಹೊದಿಸಿದ ಮುದುಕ ಮುದುಕಿಯರು. ಫೋನ್ ಗಂಟೆ ಹೊಡೆದಾಗ ಒಬ್ಬ ಮುದುಕಿ ಪಟ್ಟನೆ ಕಣ್ಣು ಬಿಡುತ್ತಾಳೆ. ಇವರು ನನ್ನ ಕೈ ಹಿಡಿದುಕೊಂಡರು. ನನಗೆ ಹೆಣ ಹೊಸದಲ್ಲ, ಆದರೆ ಮೊಳೆ ನೋಡಲಾಗಲಿಲ್ಲ.

ಕಥೆ ಅಂತ ಹೇಳುವುದಾದರೆ ಚಿಕ್ಕದು. ಎಲಿಸಬೆತ್ ಫೋಗ್ಲರ್ ಅನ್ನುವ ದೊಡ್ಡ ನಟಿ ನಾಟಕದ ಮಧ್ಯೆ ಮಾತು ನಿಲ್ಲಿಸುತ್ತಾಳೆ. ಮರುದಿನದಿಂದ ಪೂರ್ತಿ ಮೌನ. ಮೂರು ತಿಂಗಳಾದರೂ ತುಟಿ ಬಿಚ್ಚುವುದಿಲ್ಲ. ಪರೀಕ್ಷೆ ಮಾಡಿದರೆ ದೇಹ, ಮನಸ್ಸು ಎರಡೂ ಚೆನ್ನಾಗಿವೆ. ಅವಳನ್ನು ನೋಡಿಕೊಳ್ಳಲು ಬರುವವಳು ಸಿಸ್ಟರ್ ಆಲ್ಮಾ. 25 ವರ್ಷ, ಮದುವೆ ನಿಶ್ಚಯವಾಗಿದೆ. ಲಿವ್ ಉಲ್ಮನ್ ನಟಿಯ ಪಾತ್ರ ಮಾಡಿದ್ದಾರೆ, ಬೀಬಿ ಆಂಡರ್ಸನ್ ನರ್ಸ್. ಈ ಕೇಸಿಗೆ ಅನುಭವ ಇರುವ ಹಿರಿಯ ನರ್ಸ್ ಬೇಕಿತ್ತೇನೋ ಅಂತ ಆಲ್ಮಾ ಮೊದಲೇ ಡಾಕ್ಟರಿಗೆ ಹೇಳುತ್ತಾಳೆ. ಆ ಮಾತು ಕೇಳಿದ ಕೂಡಲೇ ನಾನು ಸರಿಯಾಗಿ ಕೂತೆ. ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗಿಯರು ಹೇಳುವುದೂ ಇದನ್ನೇ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಇಲ್ಲೂ ಅಷ್ಟೇ. ಡಾಕ್ಟರಮ್ಮ ಇಬ್ಬರನ್ನೂ ಸಮುದ್ರದ ದಂಡೆಯ ತನ್ನ ಮನೆಗೆ ಕಳಿಸಿಬಿಡುತ್ತಾಳೆ.

ಸಿನಿಮಾ ಬಲ್ಲವರು ಇಲ್ಲಿಂದ ಮುಖವಾಡ, ಆತ್ಮ, ಕಲೆ ಅಂತೆಲ್ಲ ಮಾತಾಡುತ್ತಾರೆ. ನನಗೆ ಕಂಡಿದ್ದು ಬೇರೆ. ಈ ಹುಡುಗಿಗೆ ಶಿಫ್ಟೇ ಇಲ್ಲ! ಹಗಲು ರಾತ್ರಿ ಒಂದೇ ಪೇಷಂಟ್ ಜೊತೆ. ನಮಗಾದರೆ ಡ್ಯೂಟಿ ಬದಲಾಗುವಾಗ ಮುಂದಿನವರಿಗೆ ವರದಿ ಹೇಳುತ್ತೇವೆ, ಜೊತೆಗೆ ಮನಸ್ಸಿನ ಕಸವನ್ನೂ ಅಲ್ಲೇ ಬಿಟ್ಟು ಮನೆಗೆ ಹೋಗುತ್ತೇವೆ. ಆಲ್ಮಾ ಯಾರ ಹತ್ತಿರ ಹೇಳಬೇಕು? ಇರುವುದು ಪೇಷಂಟ್ ಒಬ್ಬಳೇ. ಅವಳೋ ಮಾತಾಡುವುದಿಲ್ಲ, ಮುಖ ಮಾತ್ರ ಎಷ್ಟು ಚೆನ್ನಾಗಿ ಕೇಳಿಸಿಕೊಳ್ಳುತ್ತದೆ ಅಂದರೆ ಯಾರಾದರೂ ಬಾಯಿಬಿಡಬೇಕು.

ಹಾಗೇ ಆಯಿತು. ಒಂದು ರಾತ್ರಿ ವೈನ್ ಕುಡಿಯುತ್ತಾ ಆಲ್ಮಾ ತನ್ನ ಹಳೆಯ ಗುಟ್ಟು ಹೇಳುತ್ತಾಳೆ. ಸಮುದ್ರ ತೀರ, ಇನ್ನೊಬ್ಬ ಹೆಂಗಸು, ಇಬ್ಬರು ಹುಡುಗರು. ತೆರೆಯ ಮೇಲೆ ಏನೂ ತೋರಿಸುವುದಿಲ್ಲ. ಅವಳ ಮುಖ, ಕೇಳುವವಳ ಮುಖ, ಕತ್ತಲ ಕೋಣೆ, ಅಷ್ಟೇ. ಆದರೆ ಅವಳು ಒಂದು ವಿವರವನ್ನೂ ಬಿಡುವುದಿಲ್ಲ. ನನಗೆ ಕಿವಿ ಬಿಸಿಯಾಯಿತು. ಕೊನೆಗೆ ಗರ್ಭ ತೆಗೆಸಿಕೊಂಡ ಮಾತು ಬಂದು ಅವಳು ಅಳತೊಡಗಿದಾಗ ಇವರು ಪಕ್ಕಕ್ಕೆ ವಾಲಿ, "ಏನಂತೆ?" ಅಂದರು.

"ಆಮೇಲೆ ಹೇಳ್ತೀನಿ ರೀ, ಸುಮ್ನಿರಿ."

ಕೆಲವು ದಿನಗಳ ಮೇಲೆ ಎಲಿಸಬೆತ್ ಬರೆದ ಪತ್ರವೊಂದನ್ನು ಅಂಚೆಗೆ ಹಾಕಲು ಆಲ್ಮಾ ಕಾರಿನಲ್ಲಿ ಹೊರಡುತ್ತಾಳೆ. ಲಕೋಟೆ ಅಂಟಿಸಿಲ್ಲ. ಓದುತ್ತಾಳೆ. ಅವಳು ಹೇಳಿಕೊಂಡಿದ್ದೆಲ್ಲ ಅದರಲ್ಲಿದೆ. ಈ ಹುಡುಗಿಯನ್ನು ಗಮನಿಸುವುದು ಮಜವಾಗಿದೆ ಅನ್ನುವ ಧಾಟಿ ಬೇರೆ.

ನನ್ನ ಪ್ರಕಾರ ಇಡೀ ಸಿನಿಮಾದಲ್ಲಿ ನೋಡಲು ಅತಿ ಕಷ್ಟದ ದೃಶ್ಯ ಇದಾದ ಮೇಲೆ ಬರುತ್ತದೆ. ಜಗಲಿಯ ಮೇಲೆ ಗಾಜಿನ ಲೋಟ ಒಡೆಯುತ್ತದೆ. ಆಲ್ಮಾ ಚೂರುಗಳನ್ನು ಎತ್ತುತ್ತಾಳೆ, ಒಂದು ಚೂರನ್ನು ಮಾತ್ರ ಅಲ್ಲೇ ಬಿಡುತ್ತಾಳೆ. ಆಮೇಲೆ ಕೂತು ಕಾಯುತ್ತಾಳೆ. ಎಲಿಸಬೆತ್ ಬರಿಗಾಲಲ್ಲಿ ಓಡಾಡುತ್ತಿದ್ದಾಳೆ. ಕುರಿ, ಮೊಳೆ ಎಲ್ಲ ನೋಡಿ ಆಗಿತ್ತು. ಆದರೂ ಒಬ್ಬ ನರ್ಸ್ ಹೀಗೆ ಕಾಯುವುದನ್ನು ನೋಡಿ ನನಗೆ ಹೊಟ್ಟೆ ತೊಳಸಿತು. ಗಾಜು ಚುಚ್ಚುತ್ತದೆ. ಇಬ್ಬರೂ ಪರಸ್ಪರ ನೋಡುತ್ತಾರೆ. ಅಷ್ಟರಲ್ಲಿ ಸಿನಿಮಾದ ಫಿಲ್ಮೇ ಹರಿದು ಸುಟ್ಟುಹೋಗುತ್ತದೆ. ನಮ್ಮ ಮುಂದಿನ ಸಾಲಿನವರು ತಿರುಗಿ ಪ್ರೊಜೆಕ್ಟರ್ ಕೋಣೆ ಕಡೆ ನೋಡಿದರು. ಕೆಟ್ಟಿದ್ದು ಯಂತ್ರವಲ್ಲ, ಬರ್ಗ್‌ಮನ್ ಬೇಕಂತಲೇ ಹಾಗೆ ಮಾಡಿದ್ದು.

ಆಮೇಲಿನದ್ದು ಗೋಜಲು. ಎಲಿಸಬೆತ್‌ಳ ಗಂಡ ಬಂದು ಆಲ್ಮಾಳನ್ನೇ ಹೆಂಡತಿ ಅಂತ ಅಪ್ಪಿಕೊಳ್ಳುತ್ತಾನೆ. ಎಲಿಸಬೆತ್‌ಗೆ ಮಗು ಬೇಡವಾಗಿದ್ದ ಕಥೆಯನ್ನು ಆಲ್ಮಾ ಎರಡು ಸಲ ಹೇಳುತ್ತಾಳೆ. ಒಂದು ಸಲ ಕೇಳುವವಳ ಮುಖ, ಇನ್ನೊಂದು ಸಲ ಹೇಳುವವಳ ಮುಖ. ಎರಡನೇ ಸಲ ನನಗೆ ಸ್ವಲ್ಪ ಜಾಸ್ತಿಯಾಯಿತು ಅನಿಸಿತು. ಕೊನೆಗೆ ಇಬ್ಬರ ಅರ್ಧರ್ಧ ಮುಖ ಸೇರಿ ಒಂದೇ ಮುಖ. ಅದನ್ನು ಮೊದಲ ಸಲ ನೋಡಿದಾಗ ನಟಿಯರಿಬ್ಬರೂ ಅದು ಇನ್ನೊಬ್ಬಳ ಮುಖ ಅಂದುಕೊಂಡಿದ್ದರಂತೆ.

ಹೊರಗೆ ಬಂದು ವಾಲ್‌ಹಲ್ಲಾವೇಗನ್ ರಸ್ತೆಯಲ್ಲಿ ನಡೆದೆವು. ಅದೇ ರಸ್ತೆಯಲ್ಲಿ ಸೋಫಿಯಾಹೆಮೆಟ್ ಆಸ್ಪತ್ರೆ ಇದೆ. 1965ರಲ್ಲಿ ಬರ್ಗ್‌ಮನ್ ನ್ಯುಮೋನಿಯಾ ಆಗಿ ಅಲ್ಲಿದ್ದಾಗ ಈ ಚಿತ್ರ ಬರೆದಿದ್ದು. ಅವರ ಅಪ್ಪ ಹಿಂದೆ ಅದೇ ಆಸ್ಪತ್ರೆಯ ಪಾದ್ರಿ. ಹುಡುಗನಾಗಿದ್ದಾಗ ಆ ಆವರಣದಲ್ಲೇ ಬೆಳೆದಿದ್ದು, ಶವಾಗಾರವನ್ನೂ ಆಗಲೇ ನೋಡಿದ್ದು ಅಂತ ಇವರು ವಿವರಿಸಿದರು. ನರ್ಸ್ ಪಾತ್ರ ಇಷ್ಟು ಸರಿಯಾಗಿ ಹೇಗೆ ಬಂತು ಅನ್ನುವ ನನ್ನ ಅನುಮಾನ ಆಗ ಸ್ವಲ್ಪ ಬಗೆಹರಿಯಿತು. ಹಾಸಿಗೆಯಲ್ಲಿ ಮಲಗಿ ನರ್ಸ್‌ಗಳನ್ನೇ ನೋಡುತ್ತಿದ್ದಿರಬೇಕು.

"ನಿಜವಾಗಿ ಅವರಿಬ್ಬರೂ ಒಬ್ಬಳೇ ಹೆಂಗಸು ಕಣೇ" ಅಂದರು ಇವರು.

"ಸಾಧ್ಯವೇ ಇಲ್ಲ ರೀ. ಕೊನೆಗೆ ಹೊರಗಿನದ್ದೆಲ್ಲ ಒಳಗಿಟ್ಟು, ಮನೆ ಮುಚ್ಚಿ ಬಸ್ ಹತ್ತಿದವಳು ಆಲ್ಮಾ ಮಾತ್ರ. ನಟಿ ಒಂದು ಕಡ್ಡಿ ಎತ್ತಿಟ್ಟಳಾ?"

"ಅದನ್ನೇ ನಾನೂ ಹೇಳಿದ್ದು. ಬಸ್ ಹತ್ತಿದ್ದು ಒಬ್ಬಳೇ ತಾನೇ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇನ್ನೊಂದು ಸಲ ನೋಡಿ ಹೇಳುತ್ತೇನೆ ಅಂದೆ. ಇವರು ಸಬ್‌ಟೈಟಲ್ ಇರುವ ಡಿವಿಡಿ ಹುಡುಕುತ್ತಿದ್ದಾರೆ. ಸಮುದ್ರ ತೀರದಲ್ಲಿ ಏನಾಯಿತು ಅಂತ ನಾನಿನ್ನೂ ಪೂರ್ತಿ ಹೇಳಿಲ್ಲ.