ಇಲ್ಲ, ನಾನು ಮಣ್ಣು ಮುಟ್ಟುವುದಿಲ್ಲ

ಮಣ್ಣಿನ ಪೋಷಕಾಂಶ ಅಳೆಯುವ ಸಂವೇದಕಗಳಿಗೆ ಹೊಸ ವಸ್ತು ಹುಡುಕುತ್ತೇನೆ ಎಂದರೆ ಜನರ ಮುಖ ಅರಳುತ್ತದೆ. ಕೆಲಸವೆಲ್ಲ ಕಂಪ್ಯೂಟರಿನಲ್ಲಿ ಎಂದ ಕೂಡಲೇ ಅರಳಿದ್ದು ಮುದುಡುತ್ತದೆ. ಆಮೇಲೆ ಅದೇ ಪ್ರಶ್ನೆ: “ಹಾಗಾದರೆ ಬರೀ ಕಂಪ್ಯೂಟರಾ? ಮಣ್ಣು ಮುಟ್ಟುವುದೇ ಇಲ್ಲವಾ?”

ಇಲ್ಲ. ಮುಟ್ಟುವುದಿಲ್ಲ. ಕೆಲಸದ ಸಲುವಾಗಿ ಇದುವರೆಗೆ ಒಂದು ಹಿಡಿ ಮಣ್ಣನ್ನೂ ಎತ್ತಿಲ್ಲ. ಉತ್ತರ ಇಷ್ಟೇ, ಅವಸರವಿದ್ದವರು ಎದ್ದು ಹೋಗಬಹುದು.

ಪ್ರಶ್ನೆಯನ್ನೇನೋ ಸಹಿಸಿಕೊಳ್ಳುತ್ತೇನೆ, ಅದರ ತಲೆಯ ಮೇಲೆ ಕೂತ ‘ಬರೀ’ಯನ್ನು ಸಹಿಸಲಾರೆ. ಸೇತುವೆಯ ಎಂಜಿನಿಯರು ಕಾಗದದ ಮೇಲೆ ಲೆಕ್ಕ ಹಾಕಿದರೆ ‘ಬರೀ ಕಾಗದವಾ’ ಎಂದು ಯಾರೂ ಕೇಳುವುದಿಲ್ಲ. ಜಾತಕ ನೋಡುವವರು ಶನಿಯನ್ನು ಮುಟ್ಟಿ ಬಂದಿದ್ದಾರೆಯೇ ಎಂದು ಯಾವ ಹೆಣ್ಣಿನ ತಂದೆಯೂ ವಿಚಾರಿಸಿದ್ದಿಲ್ಲ.

ಪೊಟ್ಯಾಷ್ ಅಳೆಯುವ ಸಂವೇದಕವನ್ನೇ ತೆಗೆದುಕೊಳ್ಳಿ. ತುದಿಯಲ್ಲಿ ತೆಳುವಾದ ಪ್ಲಾಸ್ಟಿಕ್ ಪೊರೆ, ಪೊರೆಯೊಳಗೆ ವ್ಯಾಲಿನೋಮೈಸಿನ್ ಎಂಬ ಬಳೆಯಂಥ ಅಣು. ಪೊಟ್ಯಾಸಿಯಂ ಅಯಾನಿನ, ಅಂದರೆ ಆವೇಶ ಹೊತ್ತ ಪರಮಾಣುವಿನ, ತ್ರಿಜ್ಯ 1.38 ಆಂಗ್‌ಸ್ಟ್ರಾಮ್ (ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲು ಒಂದು ಆಂಗ್‌ಸ್ಟ್ರಾಮ್), ಬಳೆಯೊಳಗೆ ಹದವಾಗಿ ಕೂರುತ್ತದೆ. ಸೋಡಿಯಂನದು 1.02, ಸಡಿಲವಾಗುತ್ತದೆ. ಇಷ್ಟು ಸಣ್ಣ ವ್ಯತ್ಯಾಸಕ್ಕೇ ಆ ಬಳೆ ಪೊಟ್ಯಾಸಿಯಂ ಅನ್ನು ಸುಮಾರು 10,000 ಪಟ್ಟು ಹೆಚ್ಚು ಮೆಚ್ಚುತ್ತದೆ. ಇದನ್ನು ಮಾಡಿಟ್ಟದ್ದು ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ; ಮೊದಲ ಮಳೆಗೆ ಮಣ್ಣಿನ ವಾಸನೆ ಏಳುವುದೂ ಹೆಚ್ಚಾಗಿ ಇದೇ ಕುಲದಿಂದ. ರಂಜಕಕ್ಕೆ ಇಷ್ಟು ನಂಬಿಕಸ್ಥ ಬಳೆ ಸಿಕ್ಕಿಲ್ಲ. ನಾನು ಹುಡುಕುತ್ತಿರುವುದು ಅದನ್ನೇ. ನೂರು ವಸ್ತುಗಳನ್ನು ತಯಾರಿಸಿ ನೋಡುವ ಬದಲು, ಎಲೆಕ್ಟ್ರಾನುಗಳ ಸಾಂದ್ರತೆಯಿಂದ ಯಾವುದರ ಹಿಡಿತ ಎಷ್ಟು ಬಿಗಿ ಎಂದು ಲೆಕ್ಕ ಹಾಕಿ ಹತ್ತಕ್ಕೆ ಇಳಿಸುತ್ತೇನೆ. ಭೌತವಿಜ್ಞಾನಿ ವಾಲ್ಟರ್ ಕೋನ್ ಅವರಿಗೆ 1998ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಿಕ್ಕಿದ್ದು ಈ ‘ಬರೀ’ ಲೆಕ್ಕಕ್ಕೆ.

ಹೋದ ವರ್ಷ ರಾಣೆಬೆನ್ನೂರಿನ ಹತ್ತಿರ ಒಂದು ಗೃಹಪ್ರವೇಶ. ರೋಹಿಣಿ ಮಳೆ ಆಗಷ್ಟೇ ಸುರಿದಿತ್ತು. ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಪಕ್ಕದಲ್ಲಿದ್ದ ದೊಡ್ಡಪ್ಪ ಶುರು ಮಾಡಿದರು. “ಗೋವಿನಜೋಳಕ್ಕೆ ಡಿಎಪಿ ಸುರಿದದ್ದೇ ಬಂತು. ಹೊಲದಲ್ಲಿ ರಂಜಕ ಎಷ್ಟಿದೆ, ನಿನ್ನ ಕಂಪ್ಯೂಟರನ್ನು ಕೇಳಿ ಹೇಳು.” ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಮಣ್ಣು ಪರೀಕ್ಷೆಗೆ ಕೊಡಿ ಎಂದೆ. ಅವರು ಬಿಡುವವರಲ್ಲ. “ಸಂಜೆ ತಂದುಕೊಡುತ್ತೇನೆ, ತೆಗೆದುಕೊಂಡು ಹೋಗು. ಹಸಿಯದು ತರಲೋ, ಒಣಗಿಸಿದ್ದು ತರಲೋ?”

“ಎರಡೂ ಬೇಡ ದೊಡ್ಡಪ್ಪಾ” ಎಂದು ನಾನೂ ನಕ್ಕೆ.

ಬಂದೇ ಬಂತು, ಪ್ಲಾಸ್ಟಿಕ್ ಕವರಿನಲ್ಲಿ ಎರಡು ಹಿಡಿ ಎರೆಮಣ್ಣು, ಹಸಿಯದೇ. ಬೆಂಗಳೂರು ಮುಟ್ಟುವಷ್ಟರಲ್ಲಿ ಕವರಿನ ಒಳಮೈಗೆಲ್ಲ ಹನಿ ಕಟ್ಟಿತ್ತು. ಬಸ್ಸಿನಲ್ಲಿ ಆ ಹನಿಗಳನ್ನು ನೋಡುತ್ತ ಕೂತವನಿಗೆ ಹೋಳಿಗೆ ಗಂಟಲಿಗೆ ಬಂದಂತಾಯಿತು. ಆ ವಾರ ನಾನು ಮುಗಿಸಿದ್ದ ರಂಜಕದ ಲೆಕ್ಕದಲ್ಲಿ ಒಂದು ಹನಿ ನೀರೂ ಇರಲಿಲ್ಲ. ಈ ಕಡೆ ಫಾಸ್ಫೇಟ್ (ಗಿಡಗಳು ಹೀರುವ ರಂಜಕದ ರೂಪ), ಆ ಕಡೆ ನಾನು ಆರಿಸಿದ ವಸ್ತು, ಸುತ್ತ ನಿರ್ವಾತ. ಅಂಕಿ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಪ್ರಬಂಧ ಬರೆಯಲು ಕೈ ತುರಿಸುತ್ತಿತ್ತು. ನಿರ್ವಾತದಲ್ಲಿ ಎರಡು ಋಣ ಆವೇಶ ಹೊತ್ತ ಅಯಾನು, ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗು ಸಿಕ್ಕವರ ಸೆರಗು ಹಿಡಿದ ಹಾಗೆ, ಎದುರಾದದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ. ಹೊಲದಲ್ಲಿ ಅದನ್ನು ನೀರಿನ ಅಣುಗಳು ಸುತ್ತುವರಿದಿರುತ್ತವೆ. ಅವುಗಳನ್ನು ಬಿಟ್ಟು ಬಂದರೆ ಲಾಭವಿದೆ ಎನ್ನುವಂತಿದ್ದರೆ ಮಾತ್ರ ಅದು ನನ್ನ ವಸ್ತುವಿನ ಕಡೆ ತಿರುಗೀತು. ಅದರ ಮೇಲೆ ಎರೆಮಣ್ಣು ಕ್ಷಾರದ ಕಡೆಗೆ ವಾಲಿದ್ದು. ಪಿಎಚ್ 7.2 ದಾಟಿತೆಂದರೆ ಒಂದು ಆವೇಶದ್ದಕ್ಕಿಂತ ಎರಡು ಆವೇಶದ ಫಾಸ್ಫೇಟ್‌ನದೇ ಮೇಲುಗೈ. ನೀರನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುವುದೂ ಅದೇ.

ಹಾಗಾಗಿ ಮಣ್ಣು ಮುಟ್ಟಿದೆಯಾ ಎಂದು ಕೇಳಬೇಡಿ. “ಲೆಕ್ಕದಲ್ಲಿ ನೀರನ್ನು ಎಲ್ಲಿಟ್ಟೆ?” ಎಂದು ಕೇಳಿ. ತಬ್ಬಿಬ್ಬಾಗುತ್ತೇನೆ. ಆಮೇಲೆ ಸಬೂಬು ಹೇಳುತ್ತೇನೆ: ಪರಮಾಣುಗಳು ಇಮ್ಮಡಿಯಾದರೆ ಲೆಕ್ಕದ ಹೊರೆ ಸುಮಾರು ಎಂಟು ಪಟ್ಟಾಗುತ್ತದೆ, ನೀರು ಸುಮ್ಮನೆ ಕೂರುವ ಪ್ರಾಣಿಯೂ ಅಲ್ಲ, ಅದರ ಸಾವಿರಾರು ಭಂಗಿಗಳ ಸರಾಸರಿ ಬೇಕು, ಸೂಪರ್‌ಕಂಪ್ಯೂಟರಿನ ಸರದಿಯಲ್ಲಿ ನನ್ನ ಮುಂದೆ ಇಡೀ ಊರೇ ನಿಂತಿದೆ. ಸಬೂಬೆಲ್ಲ ನಿಜ. ಆದರೂ ಸಬೂಬೇ.

ಕೊನೆಗೆ ನೀರು ಹಾಕಿದೆ. ನಿರ್ವಾತದ ಲೆಕ್ಕದಲ್ಲಿ ಗೆದ್ದಿದ್ದ ಮೂರು ವಸ್ತುಗಳಲ್ಲಿ ಎರಡು ಮಕಾಡೆ ಬಿದ್ದವು. ಮೂರನೆಯದು ಇನ್ನೂ ತೂಗಾಡುತ್ತಿದೆ.

ಮೊನ್ನೆ ದೊಡ್ಡಪ್ಪ ಫೋನ್ ಮಾಡಿದ್ದರು. ಕವರು ಮೇಜಿನ ಮೇಲೆಯೇ ಇದೆ, ಮಣ್ಣು ಕಲ್ಲಿನಂಥ ಹೆಂಟೆಯಾಗಿದೆ.

“ರಂಜಕ ಎಷ್ಟಿದೆಯೆಂದು ನೀನಂತೂ ಹೇಳಲಿಲ್ಲ. ಹಸಿಯದು ಬೇಕಿತ್ತೋ, ಒಣಗಿದ್ದೋ? ಅದನ್ನಾದರೂ ಹೇಳು.”

“ಹಸಿಯದೇ ಬೇಕಿತ್ತು ದೊಡ್ಡಪ್ಪಾ” ಎಂದೆ.